ಬೆಳೆಯುವ ಮಕ್ಕಳ ಅಳತೆ

ಕೆಂಗಲ್ಲೂರಿನ ಸರಕಾರಿ ಶಾಲೆಯ ಹಿಂಬದಿಗೆ ಒಂದು ಕಾಲದಲ್ಲಿ ಕಾಳುಕಡಿ ತುಂಬಿಡುತ್ತಿದ್ದ ಕಲ್ಲಿನ ಕೋಣೆಯಿದೆ. ಅದರ ಬಾಗಿಲು ಗಿಡ್ಡ. ದೊಡ್ಡವರು ಯಾರೇ ಬರಲಿ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮರೆತವರಿಗೆ ಬಾಗಿಲೇ ಹಣೆ ಮುಟ್ಟಿ ನೆನಪು ಮಾಡಿಕೊಡುತ್ತದೆ. ಏಳನೆಯ ತರಗತಿಯ ಮಕ್ಕಳಲ್ಲೂ ಸ್ವಲ್ಪ ಉದ್ದ ಬೆಳೆದವರು ಬಗ್ಗುತ್ತಾರೆ. ಆ ಚಿಂತೆ ಚೂರೂ ಇಲ್ಲದವಳೆಂದರೆ ದಾನೇಶ್ವರಿ. ಏಳನೆಯ ತರಗತಿಯಲ್ಲಿದ್ದರೂ ಎತ್ತರದಲ್ಲಿ ಅವಳು ಮೂರನೆಯ ತರಗತಿಯ ಮಕ್ಕಳ ಸಾಲಿಗೆ ಸೇರುವವಳು. ಅಂಥ ದಾನೇಶ್ವರಿ ದಸರೆ ರಜೆಗೆ ಮುಂಚೆ ಒಂದು ಬೆಳಗ್ಗೆ ಆ ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಗೆ ಬಂದಳು.

ವಿಜ್ಞಾನ ಕಲಿಸುವ ನೀಲಾಂಬಿಕಾ ಅಕ್ಕೋರು ಅದನ್ನು ಕಂಡು ನಕ್ಕರು. ಹುಡುಗಿ ತಮ್ಮನ್ನೇ ಅಣಕಿಸುತ್ತಿದ್ದಾಳೆ ಅಂದುಕೊಂಡರು. ಮಾರನೆಯ ದಿನವೂ ಅವಳು ಬಗ್ಗಿದಳು. ಅದರ ಮಾರನೆಯ ದಿನ ಕೈಯಲ್ಲಿ ಪುಸ್ತಕದ ಹೊರೆಯಿತ್ತು, ಗೆಳತಿಯೊಬ್ಬಳ ಜತೆ ಮಾತು ನಡೆದಿತ್ತು, ಆಟದ ಧ್ಯಾಸವೇ ಇರಲಿಲ್ಲ. ಆಗಲೂ ತಲೆ ತಾನಾಗಿ ಬಗ್ಗಿತು. ಅಕ್ಕೋರಿಗೆ ನಗು ಬರಲಿಲ್ಲ.

ಆ ಕೋಣೆಯಲ್ಲಿ ಈಗ ಕಾಳಿಲ್ಲ. ಸರಕಾರ ಆಯ್ದ ಕೆಲವು ಶಾಲೆಗಳಿಗೆ ‘ಪ್ರಮಾಣ ಪ್ರಯೋಗಾಲಯ’ ಎಂಬುದನ್ನು ಕೊಟ್ಟಾಗ ಕೆಂಗಲ್ಲೂರಿನ ಪಾಲಿಗೂ ಒಂದು ಬಂದಿತ್ತು. ಗೋಡೆ ದಪ್ಪ, ಬೆಳಕು ನುಸುಳುವುದಿಲ್ಲ ಅಂತ ಹಳೆಯ ಉಗ್ರಾಣವನ್ನೇ ಅದಕ್ಕೆ ಬಿಟ್ಟುಕೊಟ್ಟರು. ಪ್ರಮಾಣ, ಪ್ರಯೋಗಾಲಯ ಅಂತೆಲ್ಲ ನಾಲಿಗೆ ಹೊರಳಿಸುವ ತಾಳ್ಮೆ ಮಕ್ಕಳಿಗೆಲ್ಲಿ? ಅವರು ಅದಕ್ಕೆ ಹಿಗ್ಗುಕೋಣಿ ಅಂದರು, ವಾರದೊಳಗೆ ಮೇಷ್ಟರುಗಳೂ ಹಾಗೇ ಅನ್ನತೊಡಗಿದರು.

ಕಣ್ಣಿಗೊಂದು ಕನ್ನಡಕ, ಕೈಗೆ ಗವಸು, ಕಾಲಡಿಗೆ ಏರಿಳಿಯುವ ಅಂಗೈಯಗಲದ ಬಿಲ್ಲೆಗಳು. ಒಳಗೆ ಹೋದವರು ಮೊದಲು ‘ಮನೆ ಅಳತೆ’ಯಲ್ಲಿ ನಿಲ್ಲಬೇಕು. ಅಂದರೆ ತಮ್ಮದೇ ಶಾಲೆ, ತಮ್ಮದೇ ಬೆಂಚು, ಅದೇ ಗಿಡ್ಡ ಬಾಗಿಲು, ಎಲ್ಲವೂ ಇದ್ದ ಗಾತ್ರದಲ್ಲೇ ಕಾಣುತ್ತವೆ. ಅಲ್ಲಿ ಸ್ವಲ್ಪ ಓಡಾಡಿ, ಅದನ್ನು ಇದನ್ನು ಮುಟ್ಟಿ, ಮೈ ಒಗ್ಗಿದ ಮೇಲೆ ಅಕ್ಕೋರು ಒಂದು ಗುಂಡಿ ತಿರುಗಿಸುತ್ತಾರೆ. ಒಂದು ಸುತ್ತಿಗೆ ಮಕ್ಕಳು ಹತ್ತು ಪಟ್ಟು ಸಣ್ಣವರಾಗುತ್ತಾರೆ. ಎರಡು ಸುತ್ತಿಗೆ ಸುಣ್ಣದ ಕಡ್ಡಿ ಗುಡಿಯ ಕಂಬದಷ್ಟಾಗುತ್ತದೆ. ನಾಲ್ಕು ಸುತ್ತಿಗೆ ಉಳ್ಳಾಗಡ್ಡಿ ಸಿಪ್ಪೆಯ ಒಂದೇ ಒಂದು ಜೀವಕೋಶ ಅವರು ಕಾಲು ಚಾಚಿ ಮಲಗುವಷ್ಟು ದೊಡ್ಡ ಕೋಣೆಯಾಗುತ್ತದೆ. ಗುಂಡಿಯನ್ನು ಉಲ್ಟಾ ತಿರುಗಿಸಿದರೆ ಜಿಲ್ಲೆಗೆ ಜಿಲ್ಲೆಯೇ ಕಾಲ ಕೆಳಗೆ ಹಾಸಿಕೊಂಡು, ಮಲಪ್ರಭೆ ಬೆರಳಗಲದ ನೀರಿನ ಗೆರೆಯಾಗಿ ಹರಿಯುತ್ತದೆ.

ಇಷ್ಟಾದ ಮೇಲೆ ಅದು ವಿಜ್ಞಾನದವರ ಸ್ವತ್ತಾಗಿ ಉಳಿಯುವುದುಂಟೇ? ಇತಿಹಾಸದ ಮೇಷ್ಟರು ಬಂದು ಹೆಜ್ಜೆಗೆ ನೂರು ವರ್ಷದಂತೆ ಹಿಂದಕ್ಕೆ ನಡೆಸಿದರು. ಬಾದಾಮಿಯ ಗುಹೆ ಕೊರೆದವರು ಹದಿನಾಲ್ಕೂವರೆ ಹೆಜ್ಜೆಗೇ ಸಿಕ್ಕಿಬಿಟ್ಟರು; ಅವರು ಕೊರೆದ ಆ ಕೆಂಪು ಕಲ್ಲು ಹುಟ್ಟಿದ ಕಾಲಕ್ಕೆ ಹೋಗಬೇಕೆಂದರೆ ಹಿಮಾಲಯ ದಾಟಿದರೂ ಹೆಜ್ಜೆ ಸಾಲದು ಅಂತ ಗೊತ್ತಾಗಿ ಮಕ್ಕಳು ಅಲ್ಲೇ ಕೂತರು. ಕನ್ನಡದ ಮೇಡಂ ಇರುವೆಯ ಎತ್ತರದಲ್ಲಿ ನಿಲ್ಲಿಸಿ ಮಳೆಯ ಬಗ್ಗೆ ಪ್ರಬಂಧ ಬರೆಸಿದರು. ಭೂಗೋಳ, ಗಣಿತ, ಚಿತ್ರಕಲೆ, ಎಲ್ಲರಿಗೂ ಹಿಗ್ಗುಕೋಣಿಯ ಪೀರಿಯಡ್ ಬೇಕಾಯಿತು.

ಈ ಕೋಣೆ ಯಾರಿಗೆ ಏನು ಕೊಟ್ಟಿತೋ, ದಾನೇಶ್ವರಿಗೆ ಮಾತ್ರ ಬಾಯಿ ಕೊಟ್ಟಿತು. ಅದಕ್ಕೂ ಮುಂಚೆ ಅವಳು ಮುಂದಿನ ಬೆಂಚಿನಲ್ಲಿ ಕೂತು ಮಾತಾಡದೆ ವರ್ಷ ಕಳೆಯುತ್ತಿದ್ದ ಹುಡುಗಿ. ಆಟದಲ್ಲಿ ಚೆಂಡು ಹೆಕ್ಕಿಕೊಡುವ ಕೆಲಸ, ನಾಟಕದಲ್ಲಿ ಪ್ರತಿ ಸಲ ಕೂಸಿನ ಪಾತ್ರ. ಎತ್ತಿಕೊಂಡು ಓಡಾಡುವವರಿಗೂ ಕೊರತೆಯಿರಲಿಲ್ಲ, ಅದು ಅವಳಿಗೆ ಎಲ್ಲಕ್ಕಿಂತ ಸಿಟ್ಟು ಬರಿಸುತ್ತಿತ್ತು. ಹಿಗ್ಗುಕೋಣಿಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಬೆಳಕಿನ ಆಕಾರಗಳಾಗಿ ಕಾಣುತ್ತಾರೆ; ಅಲ್ಲಿ ದಾನೇಶ್ವರಿ ಉಳಿದವರ ಕಿವಿಯ ಎತ್ತರಕ್ಕೆ ನಿಂತಳು. ಯಾಕೆ, ಹೇಗೆ ಅಂತ ಯಾರೂ ಕೇಳಲಿಲ್ಲ. ಕೋಣೆಯಲ್ಲಿ ಸುಣ್ಣದ ಕಡ್ಡಿಯೇ ಕಂಬವಾಗುವಾಗ ಇದೇನು ಮಹಾ ಅಂದುಕೊಂಡರು. ಎರಡೇ ತಿಂಗಳಲ್ಲಿ ಅವಳು ಮುಂದೆ, ತರಗತಿ ಹಿಂದೆ.

“ಅಕ್ಕೋರ, ನಕಾಶೆದಾಗ ಮಲಪ್ರಭಾ ಗೆರಿ ಇಷ್ಟ ದಪ್ಪ ಬರದಾರಲ್ರಿ,” ಎಂದು ಒಮ್ಮೆ ಕೇಳಿದ್ದಳು. “ಸ್ಕೇಲ್ ಪ್ರಕಾರ ಬರದಿದ್ರ ಅದು ಕಣ್ಣಿಗೇ ಕಾಣಬಾರದಾಗಿತ್ತು. ಹಂಗಾದ್ರ ನಕಾಶೆ ಸುಳ್ಳು ಹೇಳತೈತೇನ್ರಿ?”

ಇತಿಹಾಸದವರಿಗೆ ಅವಳು ಕೇಳಿದ್ದು ಇನ್ನೂ ತೊಡಕಿನದು. ಒಂದು ಮನೆತನದ ಇನ್ನೂರು ವರ್ಷದ ಆಳ್ವಿಕೆಗೆ ಪುಸ್ತಕದಲ್ಲಿ ಎರಡು ಪುಟ, ಒಂದು ದಿನದ ಯುದ್ಧಕ್ಕೂ ಎರಡು ಪುಟ, ಇದು ಯಾವ ಸ್ಕೇಲು ಅಂತ. ಮೇಷ್ಟರು ತಲೆ ಕೆರೆದುಕೊಂಡು ನಾಳೆ ಹೇಳುತ್ತೇನೆ ಅಂದವರು ಇವತ್ತಿಗೂ ಹೇಳಿಲ್ಲ. ಕಲಿಸುವವರಿಗೆ ಇಂಥ ಮಕ್ಕಳು ಸಿಗುವುದು ಅಪರೂಪ. ಅಕ್ಕೋರಿಗೆ ಅವಳ ಮೇಲೆ ಒಳಗೊಳಗೇ ಹೆಮ್ಮೆ ಬೆಳೆದಿತ್ತು, ಅದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ.

ಹೀಗಿರುವಾಗ ಹಾಲು ಚೆಲ್ಲತೊಡಗಿತು.

ಬೆಳಗಿನ ಹಾಲು ಕುಡಿದು ಲೋಟವನ್ನು ಕಟ್ಟೆಯ ಮೇಲಿಡುವುದು ಮಕ್ಕಳು ನಿದ್ದೆಗಣ್ಣಲ್ಲೂ ಮಾಡುವ ಕೆಲಸ. ಆ ವರ್ಷ ಹಿಗ್ಗುಕೋಣಿಗೆ ಹೋಗುತ್ತಿದ್ದ ಏಳನೆಯವರ ಲೋಟಗಳು ಮಾತ್ರ ಕಟ್ಟೆಗಿಂತ ಇತ್ತಲೇ ಕೈಬಿಟ್ಟು ನೆಲಕ್ಕೆ ಬೀಳತೊಡಗಿದವು. ಗಂಟೆ ಬಾರಿಸುವ ಹುಡುಗಿಯ ಕೋಲು ಗಂಟೆ ಮುಟ್ಟದೆ ಗಾಳಿಯಲ್ಲಿ ಬೀಸಿತು. ಚರಂಡಿ ದಾಟುವಾಗ ಇಬ್ಬರು ಒಳಗೇ ಕಾಲಿಟ್ಟರು. ಹಾಲು ಹಾಕುವ ಯಮನಕ್ಕ, “ಇವರಿಗೆ ಯಾರದೋ ದೃಷ್ಟಿ ಆಗೈತ್ರಿ, ಎಲ್ಲಾರಿಗೂ ಒಮ್ಮಿಗೇ,” ಎಂದು ಕಸಬರಿಗೆ ಹಿಡಿದು ನಿವಾಳಿಸಿದಳು. ಅದರಿಂದ ಹಾಲು ಚೆಲ್ಲುವುದು ನಿಲ್ಲಲಿಲ್ಲ. ಎಲ್ಲರಿಗಿಂತ ಹೆಚ್ಚು ಎಡವಿದವಳು ದಾನೇಶ್ವರಿ. ರಜೆ ಮುಗಿದು ಬಂದ ವಾರ ಅವಳು ಶಾಲೆಯ ಮೆಟ್ಟಿಲಿಂದ ಉರುಳಿ ಮೊಣಕೈ ಕೆತ್ತಿಕೊಂಡಳು. ಇನ್ನೊಂದು ಮೆಟ್ಟಿಲು ಮೇಲಿದ್ದಿದ್ದರೆ ಮೊಣಕೈಗೆ ಮುಗಿಯುತ್ತಿರಲಿಲ್ಲ.

ಮುಖ್ಯೋಪಾಧ್ಯಾಯರಾದ ಕುಬಸದ ಸರ್ ಹೆದರಿ ಮೇಲಿನವರಿಗೆ ತಿಳಿಸಿದರು. ಧಾರವಾಡದಿಂದ ವಿನುತಾ ಎಂಬ ಎಂಜಿನಿಯರ್ ಬಂದಳು. ಕೋಣೆಗಳನ್ನು ಕೂಡಿಸಿಕೊಟ್ಟ ತಂಡದವಳು, ವಯಸ್ಸು ಮೂವತ್ತರ ಒಳಗೆ, ಬಂದವಳೇ ಗಿಡ್ಡ ಬಾಗಿಲಿಗೆ ಹಣೆ ಕೊಟ್ಟು ಪರಿಚಯ ಮಾಡಿಕೊಂಡಳು.

ಉಗ್ರಾಣಕ್ಕೆ ಅಂಟಿಕೊಂಡ ಸಣ್ಣ ಪಡಸಾಲೆಯಲ್ಲಿ ಯಂತ್ರದ ಪರದೆಗಳಿದ್ದವು. ಎರಡು ದಿನ ಅವಳು ಅಲ್ಲೇ ಕೂತು ಬಿಲ್ಲೆಗಳನ್ನು ಒಂದೊಂದಾಗಿ ಏರಿಸಿ ಇಳಿಸಿದಳು, ಗವಸುಗಳನ್ನು ತಾನೇ ಹಾಕಿಕೊಂಡು ಬೆರಳು ಮಡಚಿ ನೋಡಿದಳು. ಅಕ್ಕೋರು ಪಾಠದ ನಡುವೆ ಬಿಡುವಾದಾಗಲೆಲ್ಲ ಬಂದು ಹಿಂದೆ ನಿಲ್ಲುತ್ತಿದ್ದರು.

“ಯಂತ್ರದಾಗ ಕೂದಲೆಳಿಯಷ್ಟೂ ತಪ್ಪಿಲ್ರಿ ಮೇಡಂ,” ಎಂದಳು ವಿನುತಾ. “ತಪ್ಪು ಮಕ್ಕಳ ಮೈಯಾಗ ಕುಂತೈತಿ. ಹೊಸಾ ಚಾಳೀಸು ಕಣ್ಣಿಗೆ ಹಾಕ್ಕೊಂಡವರು ಎರಡು ದಿನ ಮೆಟ್ಟಿಲು ತಪ್ಪತಾರಲ್ರಿ? ಆಮ್ಯಾಲ ಮೈ ಕಲೀತೈತಿ. ಇವರ ಮೈನೂ ಏನೋ ಕಲತೈತಿ, ಆದ್ರ ಅದು ಹೊರಗಿನ ಲೋಕಕ್ಕ ಹೊಂದವಲ್ದು.”

“ಒಳಗ ಕಲತದ್ದು ಹೊರಗ ಯಾಕ ಹೊಂದವಲ್ದು? ಮನಿ ಅಳತಿ ಅಂದ್ರ ಎರಡೂ ಒಂದ ಅಲ್ಲೇನು?”

“ಒಂದ ಇರಬೇಕ್ರಿ. ದೊಡ್ಡ ದೊಡ್ಡ ಊರಿನ ಕೋಣಿಗಳು ಮಕ್ಕಳನ್ನ ತಾವ ಅಳಕೋತಾವು. ನಿಮಗ ಕೊಟ್ಟದ್ದು ಅಗ್ಗದ ಮಾದರಿ, ಅದು ಹೇಳಿದ್ದನ್ನ ನಂಬತೈತಿ. ತೋಳು, ಕಾಲು, ಬೆನ್ನು ಇಷ್ಟುದ್ದ ಅಂತ ಒಂದು ಸಲ ಹೇಳಿದ್ರ ಮುಗೀತು, ಅದರ ಮ್ಯಾಲ ಎಲ್ಲಾ ಲೆಕ್ಕ. ಆ ಅಂಕಿ ಸರಿ ಕೊಟ್ಟೀರಲ್ಲ?”

ಕುಬಸದ ಸರ್ ಬಾಗಿಲಲ್ಲಿ ನಿಂತವರು, “ನಾನ ಸ್ವತಃ ಕೊಟ್ಟೀನಿ,” ಎಂದರು. ಅವರು ಸುಳ್ಳು ಹೇಳುವವರಲ್ಲ. ಅಕ್ಕೋರಿಗೂ ಅನುಮಾನ ಬರಲಿಲ್ಲ.

ಹೊರಡುವ ಮುನ್ನ ವಿನುತಾ ಸ್ಪಷ್ಟವಾಗಿ ಹೇಳಿದಳು. ಈ ತಿಂಗಳೊಳಗೆ ಕಾರಣ ಸಿಗದಿದ್ದರೆ ಕೋಣೆಗೆ ಬೀಗ. ಮಕ್ಕಳ ಕೈಕಾಲು ಮುರಿಯುವ ತನಕ ಕಾಯಲು ಆಗುವುದಿಲ್ಲ. ಮಾತು ನ್ಯಾಯವಾದದ್ದೇ. ಆದರೂ ಅಕ್ಕೋರ ಕಣ್ಣ ಮುಂದೆ ಬಂದದ್ದು ಬೀಗವಲ್ಲ, ಮುಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತ ದಾನೇಶ್ವರಿ.

ಭಾನುವಾರ ಅಕ್ಕೋರ ಮನೆಯಲ್ಲಿ ಮಗ ಬಸುವಿನ ಹೊಸ ಪ್ಯಾಂಟಿನ ಪರೀಕ್ಷೆ ನಡೆದಿತ್ತು. ಮೂರನೆಯ ತರಗತಿಯ ಹುಡುಗ, ಪ್ಯಾಂಟು ಐದನೆಯ ತರಗತಿಯದು. ಅವನು ಎರಡು ಹೆಜ್ಜೆ ಇಟ್ಟು ಮೂರನೆಯದಕ್ಕೆ ಪ್ಯಾಂಟಿನ ಮೇಲೇ ಕಾಲಿಟ್ಟು ಮುಗ್ಗರಿಸಿದ. ಪೇಪರು ಓದುತ್ತಿದ್ದ ಗಂಡ ಅಶೋಕ ತಲೆಯೆತ್ತಿ, “ಅದನ್ನ ಹೊಲಿಸಿದ್ದು ಅವಗೋ, ಅವನ ಕಾಕಾಗೋ?” ಎಂದ.

“ನೀವು ಸುಮ್ನ ಕುಂದರ್ರಿ. ಬೆಳಿಯೂ ಹುಡುಗ,” ಎಂದರು ಅಕ್ಕೋರು, ಬಾಯಲ್ಲಿ ಸೂಜಿ ಕಚ್ಚಿಕೊಂಡು ಮಗನ ಕಾಲ ಬುಡದಲ್ಲಿ ಕೂತು. “ಎರಡಿಂಚು ಹೆಚ್ಚ ಹಿಡದ ಹೊಲಿಸೂದು ಯಾವಾಗಲೂ. ಒಳಗ ಮಡಚಿ ಹೊಲದ್ರ ಆತು, ಮುಂದಿನ ವರ್ಷ ಬಿಚ್ಚಿದ್ರಾತು.”

ಹೇಳಿ ಮುಗಿಸಿದರು. ಸೂಜಿಯನ್ನು ಬಾಯಿಂದ ತೆಗೆದರು. ಮಗ, “ಅವ್ವಾ, ಹೊಲಿ,” ಎಂದು ಕಾಲು ಕುಣಿಸಿದರೂ ಅವರ ಕೈ ಏಳಲಿಲ್ಲ. ಎದ್ದು ಹೋಗಿ ಕುಬಸದ ಸರ್‌ಗೆ ಫೋನು ಮಾಡಿದರು.

“ಸರ್, ಕೋಣಿಗೆ ಕೊಟ್ಟ ಅಳತಿ ಯಾರು ತಗೊಂಡಿದ್ರು?”

“ದರ್ಜಿ ದಾದಾಪೀರ. ಜೂನ್‌ದಾಗ ಸಮವಸ್ತ್ರಕ್ಕ ಅಂತ ಎಲ್ಲಾ ಮಕ್ಕಳನ್ನೂ ಅಳದು ಹೋಗಿದ್ನಲ್ಲ, ಅದನ್ನ ಕೊಟ್ಟೆ. ತೋಳು ಐತಿ, ಕಾಲು ಐತಿ, ಬೆನ್ನು ಐತಿ. ಮತ್ತೊಮ್ಮೆ ಯಾಕ ಅಳೀಬೇಕು?”

ಅಕ್ಕೋರು ಮಗನ ಪ್ಯಾಂಟಿನ ಎರಡಿಂಚಿನ ಮಾತು ಹೇಳಿದರು. ಆಮೇಲೆ ಕುಬಸದ ಸರ್ ಬಹಳ ಮೆತ್ತಗೆ, “ಅಯ್ಯ ಶಿವನ,” ಅಂದರು. ಅವರೂ ಮೂರು ಮಕ್ಕಳಿಗೆ ಬಟ್ಟೆ ಹೊಲಿಸಿದವರೇ.

ಹೀಗೆ ಲೋಕದ ಬೇರೆ ಯಾವ ಮೂಲೆಯಲ್ಲೂ ಆಗದ ತಪ್ಪು ಕೆಂಗಲ್ಲೂರಿನಲ್ಲಿ ಆಗಿತ್ತು. ಯಂತ್ರ ಮಾಡಿದವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ನಮ್ಮ ಕಡೆ ಮಕ್ಕಳನ್ನು ಯಾರೂ ಇದ್ದ ಹಾಗೆ ಅಳೆಯುವುದಿಲ್ಲ. ಆಗಲಿರುವ ಹಾಗೆ ಅಳೆಯುತ್ತಾರೆ. ತೋಳಿಗೆ ಎರಡಿಂಚು, ಅಂಗಿಗೆ ಎರಡಿಂಚು, ಪ್ಯಾಂಟಿಗೆ ಎರಡಿಂಚು. ಹೇಳಿದ್ದನ್ನೆಲ್ಲ ನಂಬುವ ಯಂತ್ರ ಅದನ್ನೂ ನಂಬಿ, ಇಡೀ ತರಗತಿಗೆ ಇನ್ನೂ ಬಾರದ ಮೈಯನ್ನು ತೊಡಿಸಿ ಓಡಾಡಿಸಿತು. ಒಳಗೆ ಸ್ವಲ್ಪ ಚಾಚಿದರೆ ಕೈ ದೂರ ಮುಟ್ಟುತ್ತಿತ್ತು. ಹೊರಗೆ ಅಷ್ಟೇ ಚಾಚಿದರೆ ಲೋಟ ಕಟ್ಟೆ ಮುಟ್ಟುತ್ತಿರಲಿಲ್ಲ.

ಸೋಮವಾರ ಅಕ್ಕೋರು ತಾವೇ ಟೇಪು ಹಿಡಿದು ತರಗತಿಯನ್ನು ಸಾಲಾಗಿ ನಿಲ್ಲಿಸಿದರು. ಲೆಕ್ಕ ಸರಿಯಾಗಿ ಕೂತಿತು, ಎಲ್ಲರಿಗೂ ಎರಡೆರಡು ಇಂಚಿನ ವ್ಯತ್ಯಾಸ. ದಾನೇಶ್ವರಿಯದು ಮಾತ್ರ ಏಳು. ತೋಳಿಗೆ ಏಳು, ಅಂಗಿಗೆ ಏಳು, ಪ್ಯಾಂಟಿಗೆ ಏಳು. ಅವಳ ಅಂಗಿಯ ಅಂಚು ಯಾವಾಗಲೂ ಯಾಕೆ ಅಷ್ಟು ದಪ್ಪವಾಗಿ ಜೋತುಬೀಳುತ್ತದೆ ಅಂತ ಅವರಿಗೆ ಆಗ ಅರ್ಥವಾಯಿತು.

ಫೋನಿನಲ್ಲಿ ವಿನುತಾ ಸಾಕಷ್ಟು ನಕ್ಕಳು, ನಕ್ಕು ಮುಗಿಸಿ, ಅಂಕಿ ಕಳಿಸಿದರೆ ಸಂಜೆಗೇ ತಿದ್ದುತ್ತೇನೆ ಅಂದಳು. ಬೀಗದ ಮಾತು ಅಲ್ಲಿಗೆ ಮುಗಿಯಿತು. ಅಕ್ಕೋರು ಹಿಗ್ಗಬೇಕಾಗಿತ್ತು. “ಒಂದಿನ ತಡೀರಿ, ನಾಳೆ ಕಳಸ್ತೀನಿ,” ಎಂದು ಫೋನಿಟ್ಟರು.

ದಾನೇಶ್ವರಿಯ ಮನೆ ನೇಕಾರರ ಓಣಿಯ ಕೊನೆಗೆ. ತಾಯಿ ಗಂಗವ್ವ ರವಿಕೆಯ ಖಣ ನೇಯುವವಳು, ಗಂಡನಿಲ್ಲದವಳು. ಅಕ್ಕೋರನ್ನು ಕಂಡು ಮಗ್ಗ ನಿಲ್ಲಿಸಿ ಚಾಪೆ ಹಾಸಿದಳು. ಚಹಾ ಕುದಿಯುವ ತನಕ ಅಕ್ಕೋರು ಅದೂ ಇದೂ ಮಾತಾಡಿ, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಂಗವ್ವ ಅಲ್ಲಗಳೆಯಲಿಲ್ಲ.

“ಖರೆ ಐತ್ರಿ. ದಾದಾಪೀರ ಎಲ್ಲಾರಿಗೂ ಎರಡು ಅಂದ. ನಮ್ಮಾಕಿ ಮೊದಲ ಹಿಂದ ಬಿದ್ದಾಳ, ಎರಡರಾಗ ಹ್ಯಾಂಗ ಸಾಲತೈತಿ? ಬೆಳಿಯಾಕ ಹತ್ತಿದ್ರ ಒಮ್ಮಿಗೇ ಬೆಳೀತಾಳ ಅಂತ ಏಳು ಬಿಡು ಅಂದೆ. ಅಂವ ನನ್ನ ಮಾರಿ ನೋಡಿ ಏಳು ಬರಕೊಂಡ.”

“ಆಕಿನ್ನ ತೋರಿಸಿದ್ರಲ್ಲ, ಆ ಹುಬ್ಬಳ್ಳಿ ಡಾಕ್ಟರು ಏನಂದಿದ್ರು?”

“ಏನಂತಾರ್ರಿ. ಇನ್ನ ಬೆಳಿಯೂದು ಇಷ್ಟ ಅಂದ್ರು. ಅವರು ಓದಿದವರು, ಅಂತಾರ.” ಗಂಗವ್ವ ಚಹಾ ಸೋಸಿದಳು. “ಅಕ್ಕೋರ, ಬ್ಯಾರೆ ಮಕ್ಕಳದು ತಿದ್ದರಿ. ಆಕಿದು ಹಂಗ ಇರಲಿ. ಈ ಅಡಗಿಮನಿ ಬಾಗಲಾ ನೋಡ್ರಿ, ನಾ ಬಗ್ಗಿ ಬರತೀನಿ. ಈಗ ಆಕಿನೂ ತಲಿ ಬಗ್ಗಿಸಿ ಬರತಾಳ. ಒಲಿ ಮುಂದ ಕುಂತು ನಾ ದಿನಾ ನೋಡತೀನಿ. ನೋಡಿದಾಗೊಮ್ಮೆ ಜೀವಕ್ಕ ಸಮಾಧಾನ ಆಗತೈತ್ರಿ.”

ಅಕ್ಕೋರಿಗೂ ಅದೇ ಆಸೆಯಿತ್ತು, ಅದಕ್ಕೇ ಅಂಕಿ ಕಳಿಸದೆ ಇಲ್ಲಿಗೆ ಬಂದಿದ್ದರು. ಕಲಿಸುವವರಾಗಿ ಅಳತೆ ಸುಳ್ಳಾಗಿರಲಿ ಅಂತ ಬಯಸುವುದು ಇದೇ ಮೊದಲು. ಆದರೆ ಆ ಮೊಣಕೈ ಗಾಯ ಇನ್ನೂ ಮಾಗಿರಲಿಲ್ಲ.

“ಆಕಿ ಮೆಟ್ಟಲ ಮ್ಯಾಲಿಂದ ಬಿದ್ದದ್ದು ಇದಕ್ಕ ಗಂಗವ್ವ. ಇನ್ನೊಮ್ಮೆ ಬೀಳತಾಳ.”

ಅಷ್ಟರಲ್ಲಿ ಹೊರಗಿನಿಂದ ದಾನೇಶ್ವರಿ ಬಂದಳು. ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿದಳು. ಅವಳ ನೆತ್ತಿಗೂ ಮೇಲಿನ ಕಟ್ಟಿಗೆಗೂ ನಡುವೆ ಒಂದು ಕೊಡ ಹಿಡಿಸುವಷ್ಟು ಜಾಗವಿತ್ತು. ಒಳಗಿನ ಇಬ್ಬರೂ ಚಹಾದ ಕಪ್ಪು ನೋಡುತ್ತ ಕೂತರು.

ಅಕ್ಕೋರು ಅವಳನ್ನು ಹೊರಗೆ ಕಟ್ಟೆಗೆ ಕರೆದುಕೊಂಡು ಬಂದರು. ಹೇಗೆ ಶುರು ಮಾಡುವುದೆಂದು ತಿಳಿಯದೆ ಟೇಪು, ದರ್ಜಿ, ಎರಡಿಂಚು ಅಂತ ಸುತ್ತುಬಳಸಿ ಹೊರಟರು. ದಾನೇಶ್ವರಿ ನಡುವೆಯೇ ತಡೆದಳು.

“ನನಗ ಗೊತ್ತೈತ್ರಿ ಅಕ್ಕೋರ.”

“ಏನು ಗೊತ್ತೈತಿ?”

“ಕೋಣಿಯೊಳಗ ನನ್ನ ಅಳತಿ ತಪ್ಪೈತಿ ಅಂತ. ಹೊರಗ ನನ್ನ ಬೆಂಚು ನನ್ನ ಗೇಣಿನಾಗ ಒಂಬತ್ತು. ಒಳಗ ಮನಿ ಅಳತಿಯೊಳಗ ಏಳು ಬರತೈತಿ. ಬೆಂಚು ಅದ ಬೆಂಚು. ಅಂದ ಮ್ಯಾಲ ಗೇಣು ಬ್ಯಾರೆ. ಎರಡರ ಪ್ರಮಾಣ ಬದಲಾತು ಅಂದ್ರ ಎರಡರಾಗ ಒಂದು ಸುಳ್ಳು ಅಂತ ನೀವ ಕಲಿಸಿದ್ರಿ.”

“ಯಾವಾಗ ಗೊತ್ತಾತು?”

“ಗಣೇಶನ ಹಬ್ಬದ ಹೊತ್ತಿಗ್ರಿ.”

ಅಂದರೆ ಹಾಲು ಚೆಲ್ಲುವುದಕ್ಕೂ ಮುಂಚೆ. ಅಕ್ಕೋರು ಅವಳನ್ನು ದಿಟ್ಟಿಸಿದರು. ಬಯ್ಯಬೇಕೋ ಬೆನ್ನು ತಟ್ಟಬೇಕೋ ಗೊತ್ತಾಗಲಿಲ್ಲ. “ಯಾಕ ಹೇಳಲಿಲ್ಲ?”

ದಾನೇಶ್ವರಿ ಕಾಲು ಜೋತುಬಿಟ್ಟು ಕೂತಿದ್ದಳು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. “ಒಳಗ ನಾನು ನಮ್ಮ ಕ್ಲಾಸಿನ ಮಲ್ಲಮ್ಮನ ಕಣ್ಣಿಗೆ ಕಣ್ಣಿಟ್ಟು ಮಾತಾಡತಿದ್ದೆ. ಹೊರಗ ಮಾತಾಡಬೇಕಂದ್ರ ಕುತ್ತಿಗಿ ಎತ್ತಬೇಕು. ಕುತ್ತಿಗಿ ಎತ್ತಿ ಕೇಳಿದ ಪ್ರಶ್ನಿ ಯಾರೂ ಪ್ರಶ್ನಿ ಅಂತ ತಿಳಿಯೂದಿಲ್ರಿ, ಏನೋ ಬೇಡಾಕ ಹತ್ಯಾಳ ಅಂತ ತಿಳೀತಾರ.” ಜೋತುಬಿಟ್ಟ ಕಾಲು ಆಡಿಸುತ್ತ ಅಂದಳು: “ತಲಿ ಬಗ್ಗಸೂದು ಮಾತ್ರ ನಾ ಬೇಕಂತ ಮಾಡಿದ್ದಲ್ಲ. ಬ್ಯಾಡ ಅಂದ್ರೂ ಬಗ್ಗತೈತಿ. ಖರೆ ಹೇಳಬೇಕಂದ್ರ ಬಾಗಲಾ ನನಗ ಸಣ್ಣದು ಅನಸೂದು ಭಾಳ ಛಂದಿತ್ರಿ.”

ಓಣಿಯಲ್ಲಿ ಮಗ್ಗಗಳ ಸದ್ದು ನಡೆದೇ ಇತ್ತು. ಅಕ್ಕೋರು ಅವಳ ಹೆಗಲ ಮೇಲೆ ಕೈ ಹಾಕಲು ಹೋಗಿ, ಎತ್ತಿಕೊಳ್ಳುವವರ ಮೇಲೆ ಅವಳಿಗಿರುವ ಸಿಟ್ಟು ನೆನಪಾಗಿ, ಕೈಯನ್ನು ಕಟ್ಟೆಯ ಮೇಲೇ ಇಟ್ಟರು. “ನಾಳೆ ಅಂಕಿ ಕಳಸಬೇಕು. ನಿಂದು ಏನು ಬರೀಲಿ, ನೀನ ಹೇಳು,” ಎಂದರು. ಇದನ್ನು ಹುಡುಗಿಯ ತಲೆಗೆ ಕಟ್ಟುವುದು ಸರಿಯೇ ಅಂತ ಅವರಿಗೆ ಆಗಲೂ ಖಾತ್ರಿಯಿರಲಿಲ್ಲ, ಈಗಲೂ ಇಲ್ಲ.

ದಾನೇಶ್ವರಿ ಕಟ್ಟೆಯ ಅಂಚಿಗೆ ಎರಡು ಗೇಣು ಹಾಕಿ ನೋಡಿದಳು. “ಇದ್ದದ್ದ ಬರೀರಿ,” ಅಂದಳು ಕೊನೆಗೆ. “ನನ್ನ ಅಳತಿ ತಪ್ಪಿದ್ರ ನಾ ಅಳದದ್ದೆಲ್ಲಾ ತಪ್ಪಾಗತೈತಿ. ಜೀವಕೋಶ ಎಷ್ಟು ದೊಡ್ಡದು ಅಂತ ನನಗ ಖರೆ ಬೇಕ್ರಿ.”

ಅಂಕಿ ತಿದ್ದಿದರು. ತರಗತಿಯವರು ಒಂದು ವಾರ ಮತ್ತೆ ಎಡವಿದರು, ಈ ಸಲ ಲೋಟ ಕಟ್ಟೆಯ ಆಚೆಗೆ ಬಿತ್ತು. ಯಮನಕ್ಕ ಮತ್ತೊಮ್ಮೆ ಕಸಬರಿಗೆ ಎತ್ತಿದಳು. ಆಮೇಲೆ ಮೈಗಳು ತಮ್ಮ ತಮ್ಮ ಅಳತೆಗೆ ಬಂದು ಕೂತವು.

ದಾನೇಶ್ವರಿಗೆ ಅದು ಸುಲಭವಾಗಲಿಲ್ಲ. ತಿದ್ದಿದ ಮೊದಲ ದಿನ ಕೋಣೆಯಲ್ಲಿ ಅವಳ ಬೆಳಕಿನ ಆಕಾರ ಉಳಿದವರ ಎದೆಯ ಕೆಳಗೆ ಕಂಡಾಗ ಯಾರೋ ಕಿಸಕ್ಕನೆ ನಕ್ಕರು. ಅವತ್ತು ಅವಳು ಮುಂದೆ ನಡೆಯಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುದಿನವೂ ಇಲ್ಲ. ಅಕ್ಕೋರು ಪರದೆಯ ಮುಂದೆ ಕೂತು, ಗುಂಡಿಯ ಮೇಲೆ ಕೈಯಿಟ್ಟು, ಏಳಿಂಚನ್ನು ಮರಳಿ ಹಾಕಿಬಿಡಲೇ ಅಂತ ಎಷ್ಟು ಸಲ ಯೋಚಿಸಿದರೋ. ಬಾಗಿಲಲ್ಲಿ ತಲೆ ಬಗ್ಗಿಸುವುದು ಮೊದಲು ಕಡಿಮೆಯಾಗಿ, ಆಮೇಲೆ ನಿಂತೇಹೋಯಿತು. ಗಂಗವ್ವ ಒಲೆಯ ಮುಂದೆ ಕೂತು ಅದನ್ನೂ ನೋಡಿದಳು.

ಅಂಥದರಲ್ಲಿ ಒಂದು ದಿನ ಜೀವಕೋಶದೊಳಗೆ ಪಾಠ ನಡೆದಿತ್ತು. ಮಲ್ಲಮ್ಮ ನೆಲಕ್ಕೆ ಮಲಗಿ ತನ್ನ ಮೈಯುದ್ದದಿಂದ ಗೋಡೆಯಿಂದ ಗೋಡೆಗೆ ಅಳೆದು, “ಒಂದೂಮುಕ್ಕಾಲು ಆಳು ಉದ್ದ ಐತ್ರಿ,” ಎಂದಳು. ಹಿಂದಿನಿಂದ ಒಂದು ದನಿ, “ನನಗ ಎರಡೂವರಿ ಬಂತು,” ಎಂದಿತು. ಎಲ್ಲರೂ ತಿರುಗಿ ನೋಡಿದರು. ದಾನೇಶ್ವರಿ ಗೋಡೆಗೆ ಒರಗಿ ನಿಂತಿದ್ದಳು. “ಆಕಿದೂ ಖರೆ, ನಂದೂ ಖರೆ. ಆಕಿ ಎತ್ರಕ್ಕ ಆಕಿ ಅಂಕಿ ಗುಣಸ್ರಿ, ನನ್ನ ಎತ್ರಕ್ಕ ನನ್ನ ಅಂಕಿ ಗುಣಸ್ರಿ, ಒಂದ ಬರತೈತಿ.” ಗುಣಿಸಿ ನೋಡಿದರು, ಹೆಚ್ಚುಕಡಿಮೆ ಒಂದೇ ಬಂತು. ಮಲ್ಲಮ್ಮ ಇನ್ನೊಮ್ಮೆ ಗುಣಿಸಿ ನೋಡಿದಳು. ಆಮೇಲೆ ಯಾವುದನ್ನು ಅಳೆದರೂ ಇಬ್ಬರ ಅಳತೆ ತೆಗೆದು ತಾಳೆ ನೋಡುವುದು ತರಗತಿಯ ರೂಢಿಯಾಯಿತು, ಅದಕ್ಕೆ ದಾನೇಶ್ವರಿ ಬೇಕೇ ಬೇಕಾದಳು.

ಮತ್ತೆ ಜೂನ್ ಬಂತು. ಈ ಸಲ ಕುಬಸದ ಸರ್ ಪಡಸಾಲೆಯ ಎರಡು ಮೂಲೆಗಳಲ್ಲಿ ಎರಡು ಟೇಪು ಇಡಿಸಿದರು. ಒಂದರಲ್ಲಿ ಕೋಣೆಯ ಅಳತೆಗೆ ಅಕ್ಕೋರು, ಇನ್ನೊಂದರಲ್ಲಿ ಸಮವಸ್ತ್ರಕ್ಕೆ ದಾದಾಪೀರ. ತಾಯಂದಿರಿಗೆ ಎರಡರ ವ್ಯತ್ಯಾಸ ತಿಳಿಸುವುದರಲ್ಲಿ ಅಕ್ಕೋರ ಗಂಟಲು ಒಣಗಿತು. “ಎರಡು ಹೆಚ್ಚ ಬರಕೋರಿ ಅಕ್ಕೋರ, ಕೋಣಿಯೊಳಗರ ಚಲೋತಂಗ ಬೆಳೀಲಿ,” ಅಂದವರೇ ಹೆಚ್ಚು.

ಎಂಟನೆಯ ತರಗತಿಗೆ ಬಂದ ದಾನೇಶ್ವರಿ ಅಕ್ಕೋರ ಟೇಪಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ಹೋದ ವರ್ಷಕ್ಕಿಂತ ಅರ್ಧ ಇಂಚು ಹೆಚ್ಚಾಗಿತ್ತು. ಅರ್ಧವನ್ನೇ ಬರೆದುಕೊಂಡರು. ಅಲ್ಲಿಂದ ಅವಳು ದಾದಾಪೀರನ ಮೂಲೆಗೆ ಹೋದಳು. ಗಂಗವ್ವ ಅಲ್ಲಿ ಮೊದಲೇ ನಿಂತಿದ್ದಳು.

ದಾದಾಪೀರ ತೋಳು ಅಳೆದ, ಬೆನ್ನು ಅಳೆದ, ಕಾಲು ಅಳೆದ. ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಗಂಗವ್ವನ ಮುಖ ನೋಡಿದ. “ಎಷ್ಟ ಬಿಡ್ಲಿ ಯಕ್ಕಾ?”

ಗಂಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಚೆ ಮೂಲೆಯಲ್ಲಿ ಅಕ್ಕೋರ ಟೇಪು ಇನ್ನೊಬ್ಬ ಹುಡುಗನ ಬೆನ್ನ ಮೇಲೆ ಹಾಗೇ ನಿಂತಿತ್ತು.

“ಏನೂ ಬಿಡಬ್ಯಾಡಪ್ಪ,” ಎಂದಳು ಗಂಗವ್ವ. “ಇದ್ದಷ್ಟ ಹೊಲಿ.”

ಅದು ಎಷ್ಟೋ ದಿನ ಒಳಗೊಳಗೇ ಅಂದು ಅಂದು ರೂಢಿ ಮಾಡಿಕೊಂಡ ಮಾತಿರಬೇಕು. ದಾದಾಪೀರ ತಲೆಯಾಡಿಸಿ ಪೆನ್ಸಿಲ್ಲನ್ನು ಕಾಗದಕ್ಕೆ ಹಚ್ಚಿದ.

“ಯಾಕ ಕಾಕಾ, ಎಲ್ಲಾರಿಗೂ ಎರಡು ಬಿಟ್ಟಿಯಲ್ಲ?” ಎಂದಳು ದಾನೇಶ್ವರಿ, ಕುತ್ತಿಗೆ ಎತ್ತಿ. ಅವಳು ಏನನ್ನೋ ಬೇಡುತ್ತಿದ್ದಾಳೆ ಅಂತ ಯಾರೂ ತಿಳಿಯುವಂತಿರಲಿಲ್ಲ. “ಕೋಣಿಗೆ ಇದ್ದಷ್ಟು ಕೊಟ್ಟು ಬಂದೀನಿ. ಅಂಗಿಗೆ ಎಲ್ಲಾರಂಗ ನನಗೂ ಎರಡು ಬಿಡು. ಏಳು ಬ್ಯಾಡ.”

ಗಂಗವ್ವ ಮಗಳನ್ನು ನೋಡಿದಳು. ಬೆರಳಿಗೆ ಸುತ್ತಿದ ಸೆರಗು ಬಿಚ್ಚಿ ಕಣ್ಣಿಗೆ ಒತ್ತಿಕೊಂಡು, “ಹೂಂ, ಎರಡು ಬಿಡು,” ಎಂದಳು.

ದಾದಾಪೀರ ಎರಡು ಬರೆದುಕೊಂಡು ಮುಂದಿನವರನ್ನು ಕರೆದ.